ಇದ್ದಿಲಿನಿಂದ ಜಲಜನಕದವರೆಗೆ: ಕೊಪ್ಪಳ ಸೀಮೆಯ ಕಬ್ಬಿಣದ ಕಥೆ

ಕೆಲವು ವರ್ಷಗಳ ಹಿಂದೆ ಕೊಪ್ಪಳ ತಾಲ್ಲೂಕಿನ ಹಳ್ಳಿಯೊಂದರಿಂದ ಕಾಲೇಜಿಗೆ ಬರುತ್ತಿದ್ದ ಬಿ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಪ್ರಯೋಗಾಲಯಕ್ಕೆ ಕಾಗದದ ಪೊಟ್ಟಣವೊಂದನ್ನು ತಂದಳು. ಅದರಲ್ಲಿದ್ದುದು ಒಂದು ವಾರದಲ್ಲಿ ಅವಳ ಮನೆಯ ಮಾಳಿಗೆಯ ಮೇಲೆ ಕೂತ ಕರಿಯ ಪುಡಿ. "ಸರ್, ಇದು ಒಲೀ ಮಸಿ ಅಲ್ರಿ. ನಮ್ಮವ್ವ ದಿನಾ ಮುಂಜಾನೆ ಇದನ್ನ ಉಡುಗ್ತಾಳ್ರಿ" ಎಂದಳು. ಪುಡಿಯನ್ನು ಬಿಳಿ ಹಾಳೆಯ ಮೇಲೆ ಹರಡಿ, ಹಾಳೆಯ ಅಡಿಯಲ್ಲಿ ಒಂದು ದಂಡಕಾಂತವನ್ನು ಆಡಿಸಿದೆವು. ಪುಡಿಯಲ್ಲಿ ಸಾಕಷ್ಟು ಭಾಗ ಕಾಂತದ ಹಿಂದೆಯೇ ಸರಿಯಿತು. ಉಳಿದದ್ದು ಅಲ್ಲೇ ಕುಳಿತಿತು. ಸರಿದ ಭಾಗದಲ್ಲಿ ಕಬ್ಬಿಣ ಅಥವಾ ಅದರ ಕಾಂತೀಯ ಆಕ್ಸೈಡ್ ಇತ್ತೆಂಬುದು ಸ್ಪಷ್ಟ. ಆ ದಿನದ ಪಾಠ ಕಾಂತಕ್ಷೇತ್ರದ್ದಾಗಿತ್ತು. ಚರ್ಚೆ ಮಾತ್ರ ಕಬ್ಬಿಣದ ಕಡೆ ಹೊರಳಿತು. ಇಂದು ಜಗತ್ತಿನಾದ್ಯಂತ ಕೇಳಿಬರುತ್ತಿರುವ 'ಹಸಿರು ಉಕ್ಕು', 'ಇಂಗಾಲದ ಸೆರೆ' ಎಂಬ ಮಾತುಗಳಿಗೂ ಆ ಪೊಟ್ಟಣಕ್ಕೂ ಸಂಬಂಧವಿದೆ. ಅದನ್ನು ತಿಳಿಯಲು ಈ ಸೀಮೆಯ ಕಬ್ಬಿಣದ ಇತಿಹಾಸವನ್ನೇ ಸ್ವಲ್ಪ ನೋಡಬೇಕು.

ಹಳೆಯ ಕುಲುಮೆಗಳು

ಗಂಗಾವತಿಯ ಬಳಿಯ ಹಿರೇಬೆಣಕಲ್ ಗುಡ್ಡದ ಮೇಲೆ ಕಲ್ಲು ಚಪ್ಪಡಿಗಳಿಂದ ಕಟ್ಟಿದ ನೂರಾರು ಬೃಹತ್ ಶಿಲಾಸಮಾಧಿಗಳಿವೆ. ಸ್ಥಳೀಯರು ಅವನ್ನು ಮೋರ್ಯರ ಮನೆಗಳೆಂದು ಕರೆಯುತ್ತಾರೆ. ಇವು ಕಬ್ಬಿಣ ಯುಗದ ಜನರ ಕೆಲಸ. ಆನೆಗೊಂದಿಯ ಬಳಿ, ತುಂಗಭದ್ರೆಯ ದಡದ ಕಡೇಬಾಕಲೆಯಲ್ಲಿ 2003ರಿಂದ ನಡೆದ ಉತ್ಖನನದಲ್ಲಿ ಅದೇ ಯುಗದ ನೆಲೆ ಮತ್ತು ಕಬ್ಬಿಣದ ವಸ್ತುಗಳು ದೊರೆತಿವೆ. ಇದೇ ನದಿಯ ಮೇಲ್ಭಾಗದ ಹಳ್ಳೂರಿನಲ್ಲಿ ಸಿಕ್ಕ ಕಬ್ಬಿಣ ಕ್ರಿ.ಪೂ. 1000ದ ಆಸುಪಾಸಿನದು. ಅಂದರೆ ಈ ನದಿಯ ದಡದ ಜನಕ್ಕೆ ಕಬ್ಬಿಣದ ಒಡನಾಟ ಮೂರು ಸಾವಿರ ವರ್ಷಗಳಷ್ಟು ಹಳೆಯದು.

ಹಳೆಯ ಕಾಲದ ಕುಲುಮೆ ಮಣ್ಣಿನದು. ಅದರಲ್ಲಿ ಅದುರು ಮತ್ತು ಇದ್ದಿಲನ್ನು ಪದರ ಪದರವಾಗಿ ತುಂಬಿ ತಿದಿ ಒತ್ತುತ್ತಿದ್ದರು. ಇದ್ದಿಲು ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಆಗುತ್ತಿತ್ತು; ಆ ಅನಿಲ ಅದುರಿನ ಆಮ್ಲಜನಕವನ್ನು ಕಸಿದುಕೊಳ್ಳುತ್ತಿತ್ತು. ಶುದ್ಧ ಕಬ್ಬಿಣ ಕರಗುವುದು 1538 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತಿದಿಯ ಕುಲುಮೆ ಅಷ್ಟು ಬಿಸಿಯಾಗುತ್ತಿರಲಿಲ್ಲ. ಹಾಗಾಗಿ ಕಬ್ಬಿಣ ಕರಗದೆ, ತೂತು ತೂತಾದ ಗಟ್ಟಿಯಾಗಿಯೇ ಹೊರಬರುತ್ತಿತ್ತು. ಕಮ್ಮಾರ ಅದನ್ನು ಬಡಿದು ಕಿಟ್ಟವನ್ನು ಹೊರಹಾಕುತ್ತಿದ್ದ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಕುಲುಮೆಯಲ್ಲಿ ಇಂಗಾಲ ಎರಡು ಕೆಲಸ ಮಾಡುತ್ತದೆ. ಒಂದು, ಶಾಖ ಕೊಡುವುದು. ಇನ್ನೊಂದು, ಅದುರನ್ನು ಅಪಕರ್ಷಿಸುವುದು, ಎಂದರೆ ಅದರಿಂದ ಆಮ್ಲಜನಕವನ್ನು ಬೇರ್ಪಡಿಸುವುದು. ಕಬ್ಬಿಣದ ಮುಂದಿನ ಇತಿಹಾಸವೆಲ್ಲ ಈ ಎರಡು ಕೆಲಸಗಳಿಗೆ ಯಾರನ್ನು ನೇಮಿಸಬೇಕೆಂಬ ಪ್ರಶ್ನೆಯ ಸುತ್ತಲೇ ಸಾಗುತ್ತದೆ. 1709ರಲ್ಲಿ ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ ಇದ್ದಿಲಿನ ಬದಲು ಕೋಕ್ ಬಳಸಿದ. ಮರದ ಇಂಗಾಲ ಮತ್ತೆ ಮರವಾಗಬಹುದು. ನೆಲದಡಿಯ ಕಲ್ಲಿದ್ದಲಿನ ಇಂಗಾಲ ಗಾಳಿಗೆ ಸೇರಿದರೆ ಹಾಗೆ ಹಿಂದಿರುಗುವುದಿಲ್ಲ. ವಾತಾವರಣದ ಲೆಕ್ಕ ತಪ್ಪಿದ್ದು ಅಲ್ಲಿಂದ.

ಭದ್ರಾವತಿಯ ಪಾಠ

ಕರ್ನಾಟಕದಲ್ಲಿ ಉತ್ತಮ ಅದುರು ಇದೆ, ಕಲ್ಲಿದ್ದಲು ಇಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಕಟ್ಟಿದಾಗ ಎದುರಾದ ಸಮಸ್ಯೆ ಇದೇ. 1923ರಲ್ಲಿ ಉರಿಯತೊಡಗಿದ ಅಲ್ಲಿನ ಊದುಕುಲುಮೆ ಮಲೆನಾಡಿನ ಕಾಡಿನ ಇದ್ದಿಲನ್ನು ಬಳಸಿತು. ಮರವನ್ನು ಇದ್ದಿಲಾಗಿಸುವಾಗ ಹೊರಬರುವ ಆವಿಯನ್ನೂ ಬಿಡದೆ ತಂಪುಮಾಡಿ ಮರದ ಟಾರು, ಅಸಿಟೇಟ್, ಮೀಥೈಲ್ ಆಲ್ಕೊಹಾಲ್‌ಗಳನ್ನು ಪಡೆಯುತ್ತಿದ್ದರು. ಚಿಮಣಿಯಿಂದ ಹೋಗುವುದನ್ನು ಹಿಡಿದು ಉಪಯೋಗಿಸುವ ಯೋಚನೆ ನಮ್ಮ ನಾಡಿಗೆ ಹೊಸತಲ್ಲ.

ಮುಂದೆ ಕಾಡು ಹಿಂದೆ ಸರಿದಂತೆ ಇದ್ದಿಲು ದುಬಾರಿಯಾಯಿತು. 1948ರಲ್ಲಿ ಜೋಗದ ಜಲವಿದ್ಯುತ್ತು ಬಂತು. 1950ರ ದಶಕದಲ್ಲಿ ಭದ್ರಾವತಿಯಲ್ಲಿ ಬೀಡು ಕಬ್ಬಿಣ ತಯಾರಿಸುವ ವಿದ್ಯುತ್ ಕುಲುಮೆಗಳು ಕೆಲಸ ಮಾಡತೊಡಗಿದವು. ಶಾಖ ಕೊಡುವ ಕೆಲಸವನ್ನು ಶರಾವತಿಯ ನೀರು ವಹಿಸಿಕೊಂಡಿತು; ಇಂಗಾಲಕ್ಕೆ ಉಳಿದದ್ದು ಅಪಕರ್ಷಣೆ ಮಾತ್ರ. ಎರಡು ಕೆಲಸಗಳಲ್ಲಿ ಒಂದರಿಂದ ಇಂಗಾಲವನ್ನು ಬಿಡುಗಡೆ ಮಾಡಿದ ಈ ಪ್ರಯೋಗವನ್ನು ನಮ್ಮ ಪಠ್ಯಪುಸ್ತಕಗಳು ನೆನೆಯುವುದೇ ಇಲ್ಲ.

ಕೊಪ್ಪಳಕ್ಕೆ ಬಂದ ಗೂಡುಗಳು

1953ರ ಹೊತ್ತಿಗೆ ತುಂಗಭದ್ರಾ ಅಣೆಕಟ್ಟೆಯಲ್ಲಿ ನೀರು ನಿಂತಿತು. ಗಂಗಾವತಿಯ ಕಡೆ ಭತ್ತದ ಗದ್ದೆಗಳಾದವು. ಕುಷ್ಟಗಿ, ಯಲಬುರ್ಗಾ ಕಡೆ ಮಳೆಯಾಶ್ರಿತ ಬೇಸಾಯವೇ ಉಳಿಯಿತು. ಸಂಡೂರು–ಹೊಸಪೇಟೆಯ ಅದುರು, ಜಲಾಶಯದ ನೀರು, ರೈಲು ಮಾರ್ಗ, ಈ ಮೂರೂ ಕೂಡುವ ಜಾಗ ಕೊಪ್ಪಳದ ಪೂರ್ವಭಾಗ. 1990ರ ದಶಕದಲ್ಲಿ ಬೇವಿನಹಳ್ಳಿಯಲ್ಲಿ ಬೀಡು ಕಬ್ಬಿಣದ ಕಾರ್ಖಾನೆ, ಗಿಣಿಗೇರಿಯಲ್ಲಿ ಉಕ್ಕಿನ ಕಾರ್ಖಾನೆ ಬಂದವು. 1997ರಲ್ಲಿ ಕೊಪ್ಪಳ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಅನಂತರದ ವರ್ಷಗಳಲ್ಲಿ ಸುತ್ತಮುತ್ತ ಹಲವು ಮೆದು ಕಬ್ಬಿಣದ, ಅಂದರೆ ಸ್ಪಾಂಜ್ ಐರನ್ ಘಟಕಗಳು ತಲೆಯೆತ್ತಿದವು.

ಭಾರತದಲ್ಲಿ ಸ್ಪಾಂಜ್ ಐರನ್ ತಯಾರಿಕೆ ಆರಂಭವಾದದ್ದು 1980ರಲ್ಲಿ, ಇಂದಿನ ತೆಲಂಗಾಣದ ಪಾಲ್ವಂಚದಲ್ಲಿ. ಓರೆಯಾಗಿ ಮಲಗಿಸಿದ, ನಿಧಾನವಾಗಿ ತಿರುಗುವ ಉದ್ದನೆಯ ಗೂಡಿನಲ್ಲಿ ಅದುರು ಮತ್ತು ಕೋಕ್ ಆಗದಂಥ ಸಾಧಾರಣ ಕಲ್ಲಿದ್ದಲನ್ನು ಸುಮಾರು 1000 ಡಿಗ್ರಿಗೆ ಕಾಯಿಸುತ್ತಾರೆ. ಕಬ್ಬಿಣ ಕರಗುವುದಿಲ್ಲ, ಆಮ್ಲಜನಕ ಹೋದ ಜಾಗವೆಲ್ಲ ತೂತಾಗಿ ಉಳಿಯುತ್ತದೆ. ತತ್ತ್ವದಲ್ಲಿ ಇದು ತಿದಿಯ ಕುಲುಮೆಯೇ, ಅಳತೆ ಮಾತ್ರ ದೊಡ್ಡದು. ಸಣ್ಣ ಬಂಡವಾಳಕ್ಕೆ ಒಗ್ಗುವ ಈ ವಿಧಾನದಿಂದ 2000ದ ದಶಕದಲ್ಲಿ ಭಾರತ ಜಗತ್ತಿನಲ್ಲೇ ಅತಿ ಹೆಚ್ಚು ಸ್ಪಾಂಜ್ ಐರನ್ ತಯಾರಿಸುವ ದೇಶವಾಯಿತು.

ಆದರೆ ಗೂಡಿನ ಬಿಸಿ ಅನಿಲದ ಜೊತೆ ಬೂದಿ, ಇದ್ದಿಲಿನ ಕಣ, ಕಬ್ಬಿಣದ ಕಣಗಳೂ ಹೊರಡುತ್ತವೆ. ಸ್ಥಿರವಿದ್ಯುತ್ ಬಲದಿಂದ ಧೂಳು ಹಿಡಿಯುವ ಉಪಕರಣ ಸರಿಯಾಗಿ ನಡೆದರೆ ಅವು ಅಲ್ಲೇ ನಿಲ್ಲುತ್ತವೆ. ನಡೆಯದಿದ್ದರೆ ಊರಿನ ಮಾಳಿಗೆಯ ಮೇಲೆ ಇಳಿಯುತ್ತವೆ. 2025ರ ಫೆಬ್ರುವರಿ 24ರಂದು, ಪಟ್ಟಣದ ಅಂಚಿನಲ್ಲಿ ಬೃಹತ್ ಉಕ್ಕಿನ ಕಾರ್ಖಾನೆ ಬೇಡವೆಂದು ಕೊಪ್ಪಳ ಬಂದ್ ಆಚರಿಸಿದಾಗ ಜನರ ಮನಸ್ಸಿನಲ್ಲಿದ್ದುದು ಈ ಧೂಳು.

ಹೈಡ್ರೋಜನ್ನಿನ ದಾರಿ

ಇಂಗಾಲದ ಎರಡನೆಯ ಕೆಲಸವನ್ನೂ ಬೇರೆಯವರಿಗೆ ವಹಿಸಬಹುದೆ? ಎರಡು ಕ್ರಿಯೆಗಳನ್ನು ಹೋಲಿಸಿ ನೋಡಿ.

ಫೆರಿಕ್ ಆಕ್ಸೈಡ್ + 3 ಕಾರ್ಬನ್ ಮಾನಾಕ್ಸೈಡ್ → 2 ಕಬ್ಬಿಣ + 3 ಇಂಗಾಲದ ಡೈಆಕ್ಸೈಡ್

ಫೆರಿಕ್ ಆಕ್ಸೈಡ್ + 3 ಹೈಡ್ರೋಜನ್ → 2 ಕಬ್ಬಿಣ + 3 ನೀರಾವಿ

ಹಿಂದಿನ ಪಠ್ಯಪುಸ್ತಕಗಳಲ್ಲಿ ಹೈಡ್ರೋಜನ್ನಿಗೆ ಜಲಜನಕ ಎಂಬ ಹೆಸರಿತ್ತು. ಇಲ್ಲಿ ಅದು ಹೆಸರಿಗೆ ತಕ್ಕಂತೆ ನಡೆದುಕೊಳ್ಳುತ್ತದೆ. ಒಂದು ತೊಡಕೂ ಇದೆ. ಮೊದಲನೆಯ ಕ್ರಿಯೆ ಬಹಿರುಷ್ಣಕ. ಒಂದು ಮೋಲ್ ಫೆರಿಕ್ ಆಕ್ಸೈಡಿಗೆ ಸುಮಾರು 25 ಕಿಲೋಜೂಲ್ ಶಾಖ ಹೊರಬರುತ್ತದೆ. ಎರಡನೆಯದು ಅಂತರುಷ್ಣಕ, ಸುಮಾರು 99 ಕಿಲೋಜೂಲ್ ಒದಗಿಸಬೇಕು. ಹಾಗಾಗಿ ಹೈಡ್ರೋಜನ್ನನ್ನು ಕಾಯಿಸಿಯೇ ಕುಲುಮೆಗೆ ಬಿಡಬೇಕು.

ಟ್ರಿನಿಡಾಡ್‌ನಲ್ಲಿ 1999ರಲ್ಲಿ ಹೈಡ್ರೋಜನ್ನಿನಿಂದ ಅದುರನ್ನು ಅಪಕರ್ಷಿಸುವ ಕಾರ್ಖಾನೆಯೊಂದು ಆರಂಭವಾಗಿತ್ತು. ಅದರ ಹೈಡ್ರೋಜನ್ ನೈಸರ್ಗಿಕ ಅನಿಲದಿಂದ ಬಂದದ್ದು. ಕಾರ್ಖಾನೆ ಬಹುಕಾಲ ಬಾಳಲಿಲ್ಲ. ಸ್ವೀಡನ್ನಿನ ಲೂಲಿಯೋದಲ್ಲಿ 2020ರಲ್ಲಿ ತೆರೆದ ಪ್ರಾಯೋಗಿಕ ಘಟಕ ನೀರಿನ ವಿದ್ಯುದ್ವಿಭಜನೆಯಿಂದ ಪಡೆದ ಹೈಡ್ರೋಜನ್ ಬಳಸಿತು. 2021ರಲ್ಲಿ ಅಲ್ಲಿನ ಕಬ್ಬಿಣದ ಉಕ್ಕು ವಾಹನ ತಯಾರಕರ ಕೈಸೇರಿತು. ವಿದ್ಯುದ್ವಿಭಜನೆಯ ದೊಡ್ಡ ಘಟಕಗಳೂ ನಮಗೆ ಅಪರಿಚಿತವಲ್ಲ. 1960ರ ದಶಕದಲ್ಲಿ ಪಂಜಾಬಿನ ನಂಗಲ್ ಗೊಬ್ಬರದ ಕಾರ್ಖಾನೆ ಭಾಕ್ರಾ ವಿದ್ಯುತ್ತಿನಿಂದ ನೀರನ್ನು ಒಡೆದು ಅಮೋನಿಯಕ್ಕೆ ಬೇಕಾದ ಹೈಡ್ರೋಜನ್ ಪಡೆಯುತ್ತಿತ್ತು.

ಕೇಂದ್ರ ಸಂಪುಟ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಹೈಡ್ರೋಜನ್ ಯೋಜನೆಗೆ ಒಪ್ಪಿಗೆ ನೀಡಿತು. ಕೊಪ್ಪಳದ ನೆರೆಯ ತೋರಣಗಲ್ಲಿನಲ್ಲಿ, ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆಯ ಸ್ಪಾಂಜ್ ಐರನ್ ಘಟಕಕ್ಕಾಗಿ ವರ್ಷಕ್ಕೆ 3,800 ಟನ್ ಸಾಮರ್ಥ್ಯದ ಹಸಿರು ಹೈಡ್ರೋಜನ್ ಸ್ಥಾವರ 2025ರಲ್ಲಿ ಕಾರ್ಯಾರಂಭ ಮಾಡಿತು.

ಇದು ಎಷ್ಟು ದೊಡ್ಡದು? ಮೇಲಿನ ಸಮೀಕರಣದಂತೆ 112 ಗ್ರಾಂ ಕಬ್ಬಿಣಕ್ಕೆ 6 ಗ್ರಾಂ ಹೈಡ್ರೋಜನ್ ಬೇಕು. ಒಂದು ಟನ್ ಕಬ್ಬಿಣಕ್ಕೆ ಕನಿಷ್ಠ 54 ಕಿಲೋಗ್ರಾಂ. ಆದ್ದರಿಂದ 3,800 ಟನ್ ಹೈಡ್ರೋಜನ್ ಹೆಚ್ಚೆಂದರೆ ಸುಮಾರು 70,000 ಟನ್ ಕಬ್ಬಿಣಕ್ಕೆ ಸಾಕು. ಅದೇ ಕಾರ್ಖಾನೆಯ ಉಕ್ಕಿನ ಸಾಮರ್ಥ್ಯ ವರ್ಷಕ್ಕೆ ಒಂದೂವರೆ ಕೋಟಿ ಟನ್ನಿಗೂ ಹೆಚ್ಚು. ನೂರರಲ್ಲಿ ಅರ್ಧ ಪಾಲೂ ಆಗಲಿಲ್ಲ. ಆರಂಭವೆಂದು ಇದನ್ನು ಸ್ವಾಗತಿಸೋಣ. ಪರಿಹಾರವೆಂದು ತಿಳಿಯುವುದು ಬೇಡ.

ಇನ್ನು ವರ್ಷಕ್ಕೆ 10 ಲಕ್ಷ ಟನ್ ಕಬ್ಬಿಣ ತಯಾರಿಸುವ ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಒಂದು ಕಿಲೋ ಹೈಡ್ರೋಜನ್ನಿಗೆ 50ರಿಂದ 55 ಯೂನಿಟ್ ವಿದ್ಯುತ್ತು ಬೇಕು. ಒಟ್ಟು 300 ಕೋಟಿ ಯೂನಿಟ್ಟಿಗೆ ಹತ್ತಿರ. ಗಾಳಿಯಂತ್ರಗಳು ತಮ್ಮ ಸಾಮರ್ಥ್ಯದ ಶೇಕಡಾ 30ರಷ್ಟು ನೀಡಿದರೆ ಸುಮಾರು 1,100 ಮೆಗಾವಾಟ್ ಯಂತ್ರಗಳು ಬೇಕು. ಕುಷ್ಟಗಿ, ಯಲಬುರ್ಗಾದ ಎರೆಭೂಮಿಯ ಮೇಲೆ ಗಾಳಿಯಂತ್ರಗಳು ಈಗಾಗಲೇ ತಿರುಗುತ್ತಿವೆ. ಆದರೆ ಅವು ನಿಂತಿರುವುದು ರೈತರ ಹೊಲದಲ್ಲಿ ಎಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು.

ನೀರಿನ ಲೆಕ್ಕ ಬೇರೆ ಉತ್ತರ ಕೊಡುತ್ತದೆ. ಕಿಲೋ ಹೈಡ್ರೋಜನ್ನಿಗೆ 9 ಲೀಟರ್ ನೀರು ಒಡೆಯಬೇಕು. 10 ಲಕ್ಷ ಟನ್ ಕಬ್ಬಿಣಕ್ಕೆ ಅದು ಸುಮಾರು 49 ಕೋಟಿ ಲೀಟರ್, ಅಂದರೆ ಒಂದು ಟಿಎಂಸಿಯ ಐವತ್ತರಲ್ಲಿ ಒಂದು ಭಾಗಕ್ಕೂ ಕಡಿಮೆ. ಕುಲುಮೆಯಿಂದ ಬರುವ ನೀರಾವಿಯನ್ನು ತಂಪುಮಾಡಿದರೆ ಬಹುಪಾಲು ಮರಳಿ ಸಿಗುತ್ತದೆ. ನೀರು ಶುದ್ಧೀಕರಿಸುವಾಗ ಆಗುವ ನಷ್ಟ, ತಂಪುಗೊಳಿಸಲು ಬೇಕಾದ ನೀರು ಇದಕ್ಕೆ ಸೇರುತ್ತವೆ. ಹಾಗಿದ್ದರೂ ನಿಜವಾದ ಕೊರತೆ ನೀರಿನದಕ್ಕಿಂತ ವಿದ್ಯುತ್ತಿನದು.

ಇಂಗಾಲವನ್ನು ಹಿಡಿದಿಡುವುದು

ಕಲ್ಲಿದ್ದಲು ಉರಿಯುತ್ತಿರುವವರೆಗೆ ಉಳಿದ ಉಪಾಯ ಡೈಆಕ್ಸೈಡನ್ನು ಚಿಮಣಿಯಲ್ಲೇ ಹಿಡಿಯುವುದು. ಅಮೀನ್ ದ್ರಾವಣ ತಣ್ಣಗಿರುವಾಗ ಅದನ್ನು ಹೀರಿಕೊಂಡು, ಬಿಸಿಯಾದಾಗ ಬಿಟ್ಟುಕೊಡುತ್ತದೆ. 1930ರಲ್ಲೇ ಇದಕ್ಕೆ ಪೇಟೆಂಟ್ ದೊರೆತಿತ್ತು. ಅಬುಧಾಬಿಯ ಉಕ್ಕಿನ ಕಾರ್ಖಾನೆಯೊಂದು 2016ರಿಂದ ವರ್ಷಕ್ಕೆ 8 ಲಕ್ಷ ಟನ್‌ವರೆಗೆ ಹಿಡಿಯುವ ವ್ಯವಸ್ಥೆ ಹೊಂದಿದೆ. ಆದರೆ ಆ ಅನಿಲ ಹೋಗುವುದು ತೈಲಬಾವಿಯಿಂದ ಇನ್ನಷ್ಟು ತೈಲ ಎತ್ತಲು. ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆ 2021ರಲ್ಲಿ ಊದುಕುಲುಮೆಯ ಅನಿಲದಿಂದ ದಿನಕ್ಕೆ 5 ಟನ್ ಹಿಡಿಯುವ ಘಟಕ ಆರಂಭಿಸಿತು.

ಕೊಪ್ಪಳದಂಥ ಕಡೆ ಮೂರು ಅಡಚಣೆಗಳಿವೆ. ಮೊದಲನೆಯದು, ತಿರುಗುವ ಗೂಡಿಗೆ ಗಾಳಿ ಊದುವುದರಿಂದ ಡೈಆಕ್ಸೈಡ್ ನೈಟ್ರೋಜನ್ನಿನಲ್ಲಿ ಬೆರೆತು ತೆಳುವಾಗಿರುತ್ತದೆ. ಬೇರ್ಪಡಿಸಲು ಟನ್ನಿಗೆ 3ರಿಂದ 4 ಗಿಗಾಜೂಲ್ ಶಾಖ ಬೇಕು. ಎರಡನೆಯದು, ಹಿಡಿದದ್ದನ್ನು ಇಡುವ ಜಾಗ. ಉತ್ತರ ಸಮುದ್ರದ ಸ್ಲೈಪ್ನರ್‌ನಲ್ಲಿ 1996ರಿಂದ ಅದನ್ನು ಸಮುದ್ರದಡಿಯ ಮರಳುಗಲ್ಲಿಗೆ ತುಂಬುತ್ತಿದ್ದಾರೆ. ನಮ್ಮ ಕಾಲಡಿಯಲ್ಲಿರುವುದು ಮುಖ್ಯವಾಗಿ ಗ್ರಾನೈಟ್ ಮತ್ತು ನೈಸ್. ಅಲ್ಲಿ ಅಂಥ ರಂಧ್ರಗಳಿಲ್ಲ. ಐಸ್‌ಲ್ಯಾಂಡಿನಲ್ಲಿ 2012ರಲ್ಲಿ ಬಸಾಲ್ಟ್ ಶಿಲೆಗೆ ತುಂಬಿದ ಡೈಆಕ್ಸೈಡಿನ ಬಹುಪಾಲು ಎರಡೇ ವರ್ಷಗಳಲ್ಲಿ ಕಾರ್ಬೊನೇಟ್ ಕಲ್ಲಾಯಿತು. ವಿಜಯಪುರ, ಕಲಬುರಗಿ ಕಡೆಯ ಬಸಾಲ್ಟ್ ಈ ದೃಷ್ಟಿಯಿಂದ ಅಧ್ಯಯನಕ್ಕೆ ಯೋಗ್ಯ.

ಮೂರನೆಯದು ನಮ್ಮ ವಿದ್ಯಾರ್ಥಿನಿಯ ಪೊಟ್ಟಣಕ್ಕೆ ಸಂಬಂಧಿಸಿದ್ದು. ಧೂಳು ಮತ್ತು ಗಂಧಕದ ಡೈಆಕ್ಸೈಡ್ ಇರುವ ಅನಿಲ ಅಮೀನ್ ದ್ರಾವಣವನ್ನು ಕೆಡಿಸುತ್ತದೆ. ಅಂದರೆ ಇಂಗಾಲ ಹಿಡಿಯುವ ಮುನ್ನ ಧೂಳನ್ನು ಹಿಡಿಯಲೇಬೇಕು. ಹಳ್ಳಿಯವರ ಬೇಡಿಕೆಯೂ ಭೂಮಿಯ ತಾಪದ ಬೇಡಿಕೆಯೂ ಬೇರೆ ಬೇರೆ ಎಂದು ವಾದಿಸುವವರಿಗೆ ರಸಾಯನಶಾಸ್ತ್ರವೇ ಉತ್ತರ ಹೇಳುತ್ತದೆ.

ಮುಂದೇನು?

ಕೇಂದ್ರ ಸರ್ಕಾರ 2024ರ ಡಿಸೆಂಬರಿನಲ್ಲಿ ಹಸಿರು ಉಕ್ಕಿಗೆ ವ್ಯಾಖ್ಯೆ ನೀಡಿತು: ಟನ್ ಉಕ್ಕಿಗೆ 2.2 ಟನ್ನಿಗಿಂತ ಕಡಿಮೆ ಡೈಆಕ್ಸೈಡ್. ಕಲ್ಲಿದ್ದಲಿನ ಗೂಡುಗಳು ಈ ಗೆರೆಯಿಂದ ದೂರವಿವೆ. ಅವು ಬದಲಾಗಬೇಕು, ಇಲ್ಲವೆ ನಿಲ್ಲಬೇಕು. ನಿಂತರೆ ಅಲ್ಲಿ ದುಡಿಯುವವರ ಗತಿ ಏನು ಎಂಬ ಪ್ರಶ್ನೆಯನ್ನು ಎಂಜಿನಿಯರುಗಳು ಮಾತ್ರ ಬಿಡಿಸಲಾರರು.

ಶಿಕ್ಷಕರಲ್ಲಿ ಒಂದು ಕೋರಿಕೆ. ಮಾಳಿಗೆಯ ಧೂಳು, ಒಂದು ದಂಡಕಾಂತ, ಒಂದು ತಕ್ಕಡಿ ಇದ್ದರೆ ಕಾಂತಕ್ಕೆ ಅಂಟುವ ಭಾಗ ಶೇಕಡಾ ಎಷ್ಟೆಂದು ಮಕ್ಕಳೇ ಅಳೆಯಬಹುದು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡಲಿ. ತಿಂಗಳಿಗೊಮ್ಮೆ, ಗಾಳಿಯ ದಿಕ್ಕನ್ನೂ ಬರೆದಿಟ್ಟು ಅಳೆದರೆ ಒಂದು ವರ್ಷದಲ್ಲಿ ಊರಿನ ಕೈಯಲ್ಲಿ ಒಂದು ದಾಖಲೆ ಇರುತ್ತದೆ. ಮೇಲಿನ ಹೈಡ್ರೋಜನ್ ಲೆಕ್ಕವನ್ನು ಪಿಯುಸಿ ವಿದ್ಯಾರ್ಥಿಗಳು ಕರಿಹಲಗೆಯ ಮೇಲೆ ಮಾಡಬಲ್ಲರು. ಮುಂದೆ ಯಾವುದೇ ಕಾರ್ಖಾನೆಯ ಅಹವಾಲು ಸಭೆಯಲ್ಲಿ 'ಹಸಿರು' ಎಂಬ ಮಾತು ಕೇಳಿಬಂದಾಗ, ಎಷ್ಟು ಟನ್ ಹೈಡ್ರೋಜನ್, ಎಷ್ಟು ಯೂನಿಟ್, ಧೂಳು ಹಿಡಿಯುವ ಉಪಕರಣ ದಿನಕ್ಕೆ ಎಷ್ಟು ಗಂಟೆ ನಡೆಯುತ್ತದೆ ಎಂದು ಎದ್ದು ಕೇಳುವವರು ಅವರೇ.