ಝೇಂಕಾರವೂ ಕರಕರೆಯೂ



ಬೇಸಿಗೆ ರಜೆಗೆ ತಲಕಾಡಿನ ಮನೆಗೆ ಬಂದಿದ್ದ ಮೊಮ್ಮಗಳು ತನ್ನ ಗಿಟಾರನ್ನು ಮುಂದಿಟ್ಟು, "ತಾತ, ತಂತಿ ಕರಕರ ಅನ್ನುತ್ತೆ. ಈ ಮೆಟ್ಟಿಲನ್ನ ಸ್ವಲ್ಪ ಉಜ್ಜಿಬಿಡಲಾ?" ಎಂದಳು. "ಅರ ಮುಟ್ಟಬೇಡ ಮಗೂ" ಎಂದು ತುಸು ಗಟ್ಟಿಯಾಗಿಯೇ ಹೇಳಿದೆ. ನನ್ನ ಗಾಬರಿಗೆ ಅರ್ಧ ಶತಮಾನಕ್ಕೂ ಹಿಂದಿನ ಕಾರಣವೊಂದಿದೆ. ಅದಕ್ಕೆ ಮೊದಲು ಸ್ವಲ್ಪ ಇತಿಹಾಸ.

ತಂತಿಯ ಮೊರೆತವೆಲ್ಲ ದೋಷವಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ನೂಲಿನ ಎಳೆಯೊಂದನ್ನು ಸರಿಸಿ ಕೂರಿಸಿದರೆ ನಾದ ಅರಳುತ್ತದೆ. ನಮ್ಮ ಹಿರಿಯರು ಅದಕ್ಕೆ ಜೀವಾಳವೆಂದೇ ಹೆಸರಿಟ್ಟರು. ಆದರೆ ಕುದುರೆಯ ಮೇಲೆ ಹುಟ್ಟಿದರೆ ಝೇಂಕಾರವೆನಿಸುವ ಸದ್ದು ಮೆಟ್ಟಿಲಿನ ಮೇಲೆ ಹುಟ್ಟಿದರೆ ಕರಕರೆಯಾಗುತ್ತದೆ. ಗಿಟಾರಿನವರಿಗಂತೂ ಎರಡೂ ಬೇಡ.

ಇಪ್ಪತ್ತನಾಲ್ಕು ಮೆಟ್ಟಿಲುಗಳ ಇಂದಿನ ವೀಣೆ 17ನೆಯ ಶತಮಾನದ ಆರಂಭದಲ್ಲಿ, ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ ರೂಪುಗೊಂಡಿತೆಂದು ಸಂಗೀತದ ಇತಿಹಾಸ ಬಲ್ಲವರು ಹೇಳುತ್ತಾರೆ. ನಾಲ್ಕು ನುಡಿಸುವ ತಂತಿ, ಮೂರು ತಾಳದ ತಂತಿ. ಹಿತ್ತಾಳೆಯ ಮೆಟ್ಟಿಲುಗಳನ್ನು ಕೂರಿಸುವುದು ಮರದಲ್ಲಲ್ಲ, ಇದ್ದಿಲ ಪುಡಿ ಬೆರೆಸಿದ ಕಪ್ಪು ಮೇಣದಲ್ಲಿ. ಇದಕ್ಕೆ ಮೇಳ ಕಟ್ಟುವುದು ಎನ್ನುತ್ತಾರೆ. ಯೂರೋಪಿನ ಹಳೆಯ ತಂತಿವಾದ್ಯಗಳಲ್ಲಿಯೂ ಕರುಳಿನ ದಾರವನ್ನು ಕೊರಳಿಗೆ ಸುತ್ತಿ ಮೆಟ್ಟಿಲು ಮಾಡುತ್ತಿದ್ದರು, ಅದನ್ನೂ ಸರಿಸಬಹುದಾಗಿತ್ತು. ಲೋಹದ ಪಟ್ಟಿಯನ್ನು ಮರಕ್ಕೆ ಬಡಿದು ಕೂರಿಸಿದ್ದು ಆಮೇಲೆ. 19ನೆಯ ಶತಮಾನದಲ್ಲಿ ಸ್ಪೇನಿನ ಆಂಟೋನಿಯೊ ಡಿ ಟೊರೆಸ್ ಗಿಟಾರಿನ ಒಡಲಿಗೆ ಇಂದಿನ ಆಕಾರ ಕೊಟ್ಟರು.

ನಮ್ಮ ಸೀಮೆಗೆ ತಂತಿಯ ನಂಟು ಹೊಸದಲ್ಲ. ಮೈಸೂರಿನ ಆಸ್ಥಾನದಲ್ಲಿ ವೀಣೆ ಶೇಷಣ್ಣನವರು (1852–1926) ಮೆರೆದರು. ನಮ್ಮ ನೆರೆಯ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಚೌಡಯ್ಯನವರು, ಧ್ವನಿವರ್ಧಕವಿಲ್ಲದ ಕಾಲದಲ್ಲಿ ಪಿಟೀಲಿನ ನಾದ ಸಭೆಯ ಕೊನೆಯ ಸಾಲಿಗೆ ಮುಟ್ಟಲಿ ಎಂದು ನಾಲ್ಕು ತಂತಿಗೆ ಇನ್ನೂ ಮೂರನ್ನು ಸೇರಿಸಿದರು. ವಾದ್ಯವನ್ನು ತಿದ್ದುವ ಧೈರ್ಯ ಅವರಿಗಿತ್ತು. ಅದರ ಹಿಂದೆ ಬಿಡಾರಂ ಕೃಷ್ಣಪ್ಪನವರ ಬಳಿ ನಡೆಸಿದ ದೀರ್ಘ ಸಾಧನೆಯೂ ಇತ್ತು. ನನಗೆ ಇದ್ದದ್ದು ಧೈರ್ಯ ಮಾತ್ರ!

1968ರ ಬೇಸಿಗೆ. ಅಕ್ಕನ ವೀಣೆಯ ಸಾರಣೆ ತಂತಿ ಏಳನೆಯ ಮೆಟ್ಟಿಲಿನಲ್ಲಿ ಕರಕರ ಎನ್ನತೊಡಗಿತ್ತು. ನಾನು ಬಗ್ಗಿ ನೋಡಿದೆ. ಏಳರಲ್ಲಿ ಒತ್ತಿದ ತಂತಿ ಎಂಟಕ್ಕೆ ತಗಲುತ್ತಿತ್ತು. ಎಂಟು ಎತ್ತರವಾಗಿದೆಯೆಂದು ತೀರ್ಮಾನಿಸಿ, ಅಕ್ಕ ಮನೆಯಲ್ಲಿಲ್ಲದಾಗ ಅರದಿಂದ ಉಜ್ಜಿದೆ. ಏಳು ಸರಿಹೋಯಿತು, ಎಂಟು ಕರಕರಿಸಿತು. ಒಂಬತ್ತನ್ನು ಉಜ್ಜಿದೆ, ಒಂಬತ್ತೂ ಕೆಟ್ಟಿತು. ಹೀಗೆ ಕರಕರೆಯನ್ನು ಅಟ್ಟಿಕೊಂಡು ಹನ್ನೆರಡರವರೆಗೆ ಹೋದೆ.

ಮೈಸೂರಿನಲ್ಲಿ ಮೇಳ ಕಟ್ಟುವ ವೃದ್ಧರೊಬ್ಬರು ವೀಣೆಯನ್ನು ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಇದನ್ನ ಬಿಸಿಲಲ್ಲಿ ಇಟ್ಟಿದ್ರಾ?" ಹೌದು, ಕಿಟಕಿಯ ಪಕ್ಕ ಇಟ್ಟಿದ್ದೆವು. ಮೇಣ ಮೆತ್ತಗಾಗಿ ಏಳನೆಯ ಮೆಟ್ಟಿಲು ಕೂದಲೆಳೆಯಷ್ಟು ಕುಸಿದಿತ್ತು. ಅದೊಂದನ್ನು ಎತ್ತಿ ಕೂರಿಸಿದ್ದರೆ ಸಾಕಾಗಿತ್ತು. ಸದ್ದು ಎಂಟರಲ್ಲಿ, ತಪ್ಪು ಏಳರಲ್ಲಿ. ಈಗ ಐದು ಮೆಟ್ಟಿಲು ಬದಲಿಸಿ ಇಡೀ ಮೇಳವನ್ನೇ ಕಟ್ಟಬೇಕಾಗಿತ್ತು. ಆ ವರ್ಷ ಅಷ್ಟು ಹಣ ಮನೆಯಲ್ಲಿರಲಿಲ್ಲ. ಮರುವರ್ಷ ಅಕ್ಕನ ಮದುವೆಯಾಯಿತು. ವೀಣೆ ಇಲ್ಲಿಯೇ ಉಳಿಯಿತು. ಅಕ್ಕ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೊಮ್ಮಗಳ ಗಿಟಾರನ್ನು ನಾವಿಬ್ಬರೂ ಅವಸರಪಡದೆ ಪರೀಕ್ಷಿಸಿದೆವು. ಬಿಟ್ಟ ತಂತಿ ಮಾತ್ರ ಕರಕರಿಸಿದರೆ ಮೇರುವಿನ ಗಾಡಿ ಸವೆದಿದೆಯೆಂದು ಅರ್ಥ, ಹಾಗಿರಲಿಲ್ಲ. ಒಂದೇ ಮೆಟ್ಟಿಲಿನಲ್ಲಾದರೆ ಅದನ್ನೂ ಮುಂದಿನದನ್ನೂ ಹೋಲಿಸಿ ನೋಡಬೇಕು, ಅದೂ ಅಲ್ಲ. ಬಿರಡೆಯ ತಿರುಪು ಸಡಿಲವಾಗಿರಲಿಲ್ಲ. ಮೊದಲ ನಾಲ್ಕೈದು ಮೆಟ್ಟಿಲುಗಳಲ್ಲೆಲ್ಲ ಸದ್ದಿತ್ತು. ಒಂದು ತಂತಿಯನ್ನು ಕೊರಳಿನ ಎರಡು ತುದಿಗಳಲ್ಲಿ ಒತ್ತಿಹಿಡಿದು ನೋಡಿದರೆ ನಡುವೆ ಸಂದೇ ಕಾಣಲಿಲ್ಲ. ಬೇಸಿಗೆಯ ಒಣಹವೆಗೆ ಕೊರಳಿನ ಸಹಜವಾದ ಬಾಗು ಹೋಗಿಬಿಟ್ಟಿತ್ತು. ಇದಕ್ಕೆಂದೇ ಕೊರಳಿನೊಳಗೆ ಉಕ್ಕಿನ ಸರಳೊಂದಿರುತ್ತದೆ. ಅಮೆರಿಕದ ಗಿಬ್ಸನ್ ಕಂಪನಿಯವರು ತಿರುಗಿಸಬಹುದಾದ ಅಂಥ ಸರಳನ್ನು 1920ರ ದಶಕದಲ್ಲಿ ಬಳಕೆಗೆ ತಂದರು. ಗಿಟಾರಿನೊಡನೆ ಬಂದಿದ್ದ ಕೀಲಿಯಿಂದ ಮೊಮ್ಮಗಳು ಅದನ್ನು ಕಾಲು ಸುತ್ತು ಸಡಿಲಿಸಿ, ಮತ್ತೆ ಶ್ರುತಿ ಮಾಡಿದಳು. ಕರಕರೆ ನಿಂತಿತು.

ಆಮೇಲೆ ಅವಳು ಅಟ್ಟದ ಮೇಲಿನ ವೀಣೆಯನ್ನು ಕೇಳಿದಳು. ಇಳಿಸಿ, ಧೂಳು ಒರೆಸಿ ಕೊಟ್ಟೆ. ಅಕ್ಕ ಈಗಿಲ್ಲ. ಐದು ಮೆಟ್ಟಿಲುಗಳ ಮೇಲೆ ನನ್ನ ಅರದ ಗೀರುಗಳು ಹಾಗೆಯೇ ಇವೆ. ಮೈಸೂರಿಗೆ ಒಯ್ದು ಮೇಳ ಕಟ್ಟಿಸಬೇಕೆಂದು ನಿಶ್ಚಯಿಸಿದ್ದೇವೆ. ತರಗತಿಯಲ್ಲಿ ಗಲಾಟೆ ಕೇಳಿಬಂದ ಬೆಂಚಿಗೇ ಬೆತ್ತ ತೋರಿಸುತ್ತಿದ್ದ ಈ ಮೇಷ್ಟರನ್ನು, ಏಳನೆಯ ಮೆಟ್ಟಿಲಿನ ಈ ಕಥೆ ಓದಿದ ಮೇಲಾದರೂ, ಹಿಂದಿನ ಬೆಂಚಿನವರು ಕ್ಷಮಿಸಬೇಕು.