ಛತ್ರದ ಹುಳು: ಯುರೆಕಿಸ್ ಕೌಪೊ

ಉತ್ತರ ಅಮೆರಿಕದ ಪೆಸಿಫಿಕ್ ತೀರದಲ್ಲಿ, ಮುಖ್ಯವಾಗಿ ಕ್ಯಾಲಿಫೋರ್ನಿಯಾದ ಕೊಲ್ಲಿ ಮತ್ತು ಅಳಿವೆಗಳ ಕೆಸರುಮರಳಿನಲ್ಲಿ ಬಿಲ ತೋಡಿ ಬಾಳುವ ಕಡಲಹುಳು. ನಸುಗೆಂಪು ಬಣ್ಣದ ಮೆತ್ತನೆಯ ಮೈ, ಸಾಮಾನ್ಯವಾಗಿ ಗೇಣುದ್ದ. 1928ರಲ್ಲಿ ಡಬ್ಲ್ಯೂ. ಕೆ. ಫಿಶರ್ ಮತ್ತು ಜಿ. ಇ. ಮೆಕ್‌ಗಿನಿಟಿ ಇದನ್ನು ಹೊಸ ಪ್ರಭೇದವೆಂದು ವರ್ಣಿಸಿದರು. ಲ್ಯಾಟಿನ್ನಿನಲ್ಲಿ ಕೌಪೊ ಎಂದರೆ ಛತ್ರ ನಡೆಸುವವ.

ಬಿಲ ಯು ಆಕಾರದ್ದು, ಎರಡು ಬಾಯಿಯದು. ಇಳಿತದ ಹೊತ್ತಿನಲ್ಲಿ ಮೇಲೆ ಕಾಣುವುದು ಎರಡು ತೂತು, ಸುತ್ತ ಒಂದಿಷ್ಟು ಹಿಕ್ಕೆ, ಅಷ್ಟೆ. ಒಳಗಿನ ವ್ಯವಹಾರ ನೋಡಲು ಮೆಕ್‌ಗಿನಿಟಿ ಬಾಗಿಸಿದ ಗಾಜಿನ ಕೊಳವೆಯೊಳಗೆ ಹುಳುವನ್ನು ಬಿಟ್ಟರು. ಅದು ಗಾಜನ್ನೇ ಬಿಲವೆಂದು ಒಪ್ಪಿಕೊಂಡು ಎಂದಿನ ಕೆಲಸಕ್ಕೆ ತೊಡಗಿತು. ಮೈಮುಂಭಾಗದ ಗ್ರಂಥಿಗಳಿಂದ ಲೋಳೆ ಸುರಿಸಿ ಗೋಡೆಗೆ ಅಂಟಿಸುತ್ತದೆ. ಮೆಲ್ಲಗೆ ಹಿಂದೆ ಸರಿಯುತ್ತದೆ. ಗೋಡೆಗೂ ಮೈಗೂ ನಡುವೆ ಲೋಳೆಯ ಬಲೆ ಹರಡಿಕೊಳ್ಳುತ್ತದೆ. ಬಳಿಕ ಮೈಯನ್ನು ಅಲೆಅಲೆಯಾಗಿ ಹಿಗ್ಗಿಸಿ ಕುಗ್ಗಿಸಿ ನೀರನ್ನು ಬಲೆಯ ಮೂಲಕ ಎಳೆಯುತ್ತದೆ. ಬ್ಯಾಕ್ಟೀರಿಯಾಕ್ಕಿಂತ ಸಣ್ಣ ಕಣವೂ ಅದರಲ್ಲಿ ಸಿಕ್ಕಿಬೀಳುತ್ತದೆ. ಬಲೆ ತುಂಬಿತೆಂದರೆ ಹುಳು ಮುಂದೆ ಸರಿದು ಊಟವನ್ನು ಬಲೆಸಮೇತ ನುಂಗಿಬಿಡುತ್ತದೆ. ದೊಡ್ಡ ತುಣುಕುಗಳು ಮಾತ್ರ ಅದಕ್ಕೆ ಬೇಡ.

ಆ ತುಣುಕುಗಳು ಬಿಲದಲ್ಲಿ ಬಾಡಿಗೆ ಕೊಡದ ಅತಿಥಿಗಳಿಗೆ. ಹೆಸ್ಪೆರೊನೊಯೆ ಎಂಬ ಹುರುಪೆಹುಳು ಯಜಮಾನನ ಮೈಗೆ ಅಂಟಿಕೊಂಡಂತೆಯೇ ಇರುತ್ತದೆ. ಬಟಾಣಿ ಏಡಿಗಳೂ ಉಂಟು. ಕ್ಲೀವ್‌ಲ್ಯಾಂಡಿಯಾ ಎಂಬ ಪುಟ್ಟ ಗೋಬಿ ಮೀನು ಹೊರಗೆ ಮೇದು, ಅಪಾಯ ಬಂದಾಗ ಒಳಗೆ ನುಗ್ಗುತ್ತದೆ. ಇವರೆಲ್ಲರಿಗಿಂತ ಜಾಣ ಕ್ರಿಪ್ಟೊಮಯಾ ಎಂಬ ಚಿಪ್ಪುಜೀವಿ. ಅದರ ನೀರು ಹೀರುವ ನಳಿಕೆ ಬಲು ಗಿಡ್ಡ. ಆಳದಲ್ಲಿ ಹೂತುಕೊಂಡರೆ ಮೇಲಿನ ನೀರು ಎಟುಕದು. ಅದಕ್ಕೇ ಬಿಲದ ಪಕ್ಕದಲ್ಲಿ ಬೀಡುಬಿಟ್ಟು, ನಳಿಕೆಯನ್ನು ಬಿಲದೊಳಕ್ಕೆ ಚಾಚುತ್ತದೆ. ಇವರಿಂದ ಹುಳುವಿಗೆ ಲಾಭವೇನೂ ಕಾಣದು.

ಇಳಿತದಲ್ಲಿ ಬಿಲದ ನೀರು ನಿಂತುಹೋಗುತ್ತದೆ, ಕೆಸರಿನ ವಿಷಕಾರಿ ಸಲ್ಫೈಡ್ ಅದರಲ್ಲಿ ಸೇರುತ್ತದೆ. ಹುಳು ಇದನ್ನು ಥಯೋಸಲ್ಫೇಟ್ ಆಗಿ ಮಾರ್ಪಡಿಸಿ ಪಾರಾಗುತ್ತದೆ. ಉಸಿರಾಟ ಗುದದ ದಾರಿಯಿಂದ: ನೀರನ್ನು ಹಿಂಗರುಳಿಗೆ ಎಳೆದುಕೊಂಡು ಆಮ್ಲಜನಕ ಪಡೆಯುತ್ತದೆ. ಇದಕ್ಕೆ ರಕ್ತನಾಳಗಳಿಲ್ಲ, ಹಿಮೋಗ್ಲೋಬಿನ್ ತುಂಬಿದ ಕಣಗಳು ದೇಹಕುಹರದ ದ್ರವದಲ್ಲೇ ತೇಲುತ್ತಿರುತ್ತವೆ.

ಜೀವನಕ್ರಮ ಇಷ್ಟು ಬೇಗ ತಿಳಿದರೂ ಕುಲ ಯಾವುದೆಂದು ನಿರ್ಧಾರವಾಗಲು ಕಾಲ ಹಿಡಿಯಿತು. 1847ರಲ್ಲಿ ಕಾತ್ರಫಾಜ್ ಎಂಬ ಫ್ರೆಂಚ್ ವಿಜ್ಞಾನಿ ಈ ಬಗೆಯ ಹುಳುಗಳನ್ನು ಇನ್ನಿತರ ಕೆಲವುಗಳ ಜೊತೆ ಗೆಫಿರಿಯಾ ಗುಂಪಿಗೆ ಸೇರಿಸಿ, ಹುಳುಗಳಿಗೂ ಕಡಲಸೌತೆಗಳಿಗೂ ನಡುವಿನ ಸೇತುವೆ ಎಂದು ಬಗೆದಿದ್ದ. ಆ ಸೇತುವೆ ಉಳಿಯಲಿಲ್ಲ. ಎರೆಹುಳುವಿಗಿರುವಂತೆ ಇವುಗಳ ಮೈಯಲ್ಲಿ ಖಂಡಗಳಿಲ್ಲ ಎಂಬುದೇ ಎಲ್ಲರಿಗೂ ತೊಡಕು. 1940ರಲ್ಲಿ ಡಬ್ಲ್ಯೂ. ಡಬ್ಲ್ಯೂ. ನ್ಯೂಬಿ ಇದೇ ಯುರೆಕಿಸ್‌ನ ಭ್ರೂಣ ಬೆಳೆಯುವುದನ್ನು ಅಭ್ಯಸಿಸಿ, ಈ ಹುಳುಗಳ ಗುಂಪಾದ ಎಕಿಯುರಾ ಬೇರೆಯೇ ವಂಶವೆಂದರು. ಪಠ್ಯಪುಸ್ತಕಗಳು ಬಹುಕಾಲ ಅದನ್ನೇ ಹೇಳಿದವು. 1997ರಲ್ಲಿ ಡಿ. ಮೆಕ್‌ಹ್ಯೂ ಅಣುಮಟ್ಟದ ಹೋಲಿಕೆಯಿಂದ ಇವು ಎರೆಹುಳುಗಳಿರುವ ವಲಯವಂತಗಳ ವಂಶದೊಳಗೇ ಸೇರುತ್ತವೆ ಎಂದು ತೋರಿಸಿದರು. 2002ರಲ್ಲಿ ರೆನೆ ಹೆಸ್ಲಿಂಗ್ ಯುರೆಕಿಸ್ ಮರಿಯ ನರಮಂಡಲವನ್ನು ಪರೀಕ್ಷಿಸಿದಾಗ, ಹೊರಗೆ ಕಾಣದ ಖಂಡವಿನ್ಯಾಸ ನರಗಳಲ್ಲಿ ಸಾಲಾಗಿ ಸಿಕ್ಕಿತು. ಖಂಡಗಳು ಮೊದಲಿಂದ ಇರಲಿಲ್ಲವೆಂದಲ್ಲ, ಕಳೆದುಹೋಗಿದ್ದವು. ಭ್ರೂಣದ ಸಾಕ್ಷ್ಯದಿಂದಲೇ ಬೇರ್ಪಟ್ಟ ಪ್ರಾಣಿ ಮರಿಯ ಸಾಕ್ಷ್ಯದಿಂದ ಮನೆಗೆ ಮರಳಿದ್ದು ಪ್ರಾಣಿಶಾಸ್ತ್ರದ ಸ್ವಾರಸ್ಯಗಳಲ್ಲೊಂದು.

ಆಳದಲ್ಲಿರುವ ಈ ಹುಳು ಜನರ ಕಣ್ಣಿಗೆ ಬೀಳುವುದು ಅಪರೂಪ. 2019ರ ಡಿಸೆಂಬರಿನಲ್ಲಿ ಬಿರುಗಾಳಿಯ ಅಲೆಗಳು ಮರಳನ್ನು ಕೊಚ್ಚಿಹಾಕಿದಾಗ ಕ್ಯಾಲಿಫೋರ್ನಿಯಾದ ಪಾಯಿಂಟ್ ರೇಯ್ಸ್ ಬಳಿಯ ಡ್ರೇಕ್ಸ್ ಬೀಚಿನಲ್ಲಿ ಸಾವಿರಾರು ಹುಳುಗಳು ದಡದಲ್ಲಿ ಬಿದ್ದಿದ್ದವು. ಇದರ ದಾಯಾದಿ ಯುರೆಕಿಸ್ ಯುನಿಸಿಂಕ್ಟಸ್ ಪೂರ್ವ ಏಷ್ಯಾದ್ದು. ಜಪಾನಿನಲ್ಲಿ ಅದು ಗಾಳದ ಎರೆ. ಕೊರಿಯಾದ ಮೀನುಮಾರುಕಟ್ಟೆಗಳಲ್ಲಿ ಗೇಬುಲ್ ಎಂಬ ಹೆಸರಿನಲ್ಲಿ ಜೀವಂತವಾಗಿ ಮಾರುತ್ತಾರೆ. ಹಸಿಯಾಗಿಯೇ ಹೆಚ್ಚಿ ಎಳ್ಳೆಣ್ಣೆ, ಉಪ್ಪಿಗೆ ಅದ್ದಿ ತಿನ್ನುವುದು ರೂಢಿ.