ಥ್ಯಾಕರೆ ಎಂದರೆ ಜೊಂಡಿನ ಮೂಲೆ

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಸತ್ತ ಧಾರವಾಡದ ಕಲೆಕ್ಟರ್ ಥ್ಯಾಕರೆ ನಮ್ಮ ಕಡೆ ಶಾಲೆ ಮಕ್ಕಳಿಗೂ ಗೊತ್ತು. ನಾಟಕದಲ್ಲಿ, ಸಿನಿಮಾದಲ್ಲಿ ಅವನನ್ನು ನೋಡುತ್ತಲೇ ಬಂದಿದ್ದೇವೆ. ಆದರೆ ಆ ಹೆಸರಿನ ಅರ್ಥವೇನು ಅಂತ ನಾವು ಕೇಳಿದ್ದು ಕಡಿಮೆ.

ಪೂರ್ತಿ ಹೆಸರು ಸೇಂಟ್ ಜಾನ್ ಥ್ಯಾಕರೆ. ಥ್ಯಾಕರೆ ಎಂಬುದು ಅಡ್ಡಹೆಸರು. ಸ್ಮಿತ್ ಎಂದರೆ ಕಮ್ಮಾರ, ಟೇಲರ್ ಎಂದರೆ ಸಿಂಪಿಗ. ಇಂಥ ಕಸುಬಿನ ಹೆಸರಿನವರು ಇಂಗ್ಲೆಂಡಿನಲ್ಲಿ ಊರೂರಿಗೂ ಸಿಗುತ್ತಾರೆ. ಥ್ಯಾಕರೆಗಳು ವಿರಳ, ಏಕೆಂದರೆ ಇದು ಜಾಗದಿಂದ ಬಂದ ಹೆಸರು. ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ, ವಾಶ್‌ಬರ್ನ್ ಹೊಳೆಯ ಕಣಿವೆಯ ಫ್ಯೂಸ್ಟನ್ ಬಳಿ, ಥ್ಯಾಕ್ರೇ ಎಂಬ ಪುಟ್ಟ ಜಾಗವಿತ್ತು. ಆ ಮಾತು ಮೂಲತಃ ಇಂಗ್ಲಿಷ್ ಕೂಡ ಅಲ್ಲ! 9ನೇ ಶತಮಾನದಲ್ಲಿ ಕಡಲು ದಾಟಿ ಬಂದು ಯಾರ್ಕ್‌ಶೈರ್ ಗೆದ್ದು ನೆಲೆಸಿದ ವೈಕಿಂಗರ ಭಾಷೆಯದು. 'ಥಾಕ್' ಎಂದರೆ ಸೂರಿಗೆ ಹೊದಿಸುವ ಹುಲ್ಲು, ಜೊಂಡು. 'ವ್ರಾ' ಎಂದರೆ ಮೂಲೆ. ನೀರಿನ ಪಕ್ಕ ಜೊಂಡು ಬೆಳೆಯುವ ಮೂಲೆ, ಅಷ್ಟೇ.

ಊರಲ್ಲೇ ಇರುವವನನ್ನು ಯಾರೂ ಊರ ಹೆಸರಿನಿಂದ ಕರೆಯುವುದಿಲ್ಲ. ಬಾದಾಮಿ ಬಿಟ್ಟು ಬೇರೆ ಕಡೆ ನೆಲೆಸಿದವರಿಗೆ ತಾನೇ ಬಾದಾಮಿ ಎಂಬ ಅಡ್ಡಹೆಸರು? ಥ್ಯಾಕ್ರೇ ಬಿಟ್ಟು ಹೋದವರಿಗೂ ಹಾಗೇ ಅಂಟಿತು. ಬರೆಯುವವರು ಕಿವಿಗೆ ಬಿದ್ದಂತೆ ಬರೆದು ಥ್ಯಾಕ್ರೇ, ಥ್ಯಾಕ್ರಾ, ಥ್ಯಾಕರೆ ಎಂದೆಲ್ಲ ಕವಲೊಡೆಯಿತು. ರೇಷನ್ ಕಾರ್ಡಿನಲ್ಲಿ ಹೆಸರು ತಿದ್ದಿಸಲು ಅಲೆದವರಿಗೆ ಇದು ಹೊಸದಲ್ಲ ಬಿಡಿ.

ನಮ್ಮ ಕಲೆಕ್ಟರನ ಅಜ್ಜ ಹುಟ್ಟಿದ್ದು ಆ ಕಣಿವೆಗೆ ಹತ್ತಿರದ ಹ್ಯಾಂಪ್ಸ್‌ತ್ವೇಟ್ ಊರಲ್ಲಿ. ಓದಿ ಹೆಸರಾಂತ ಹ್ಯಾರೋ ಶಾಲೆಯ ಮುಖ್ಯಸ್ಥನಾದ. ಮುಂದಿನ ತಲೆಮಾರುಗಳು ಕಂಪನಿ ನೌಕರಿ ಹಿಡಿದು ಇಂಡಿಯಾಕ್ಕೆ ಬಂದವು. 1811ರಲ್ಲಿ ಕಲ್ಕತ್ತಾದಲ್ಲಿ ಹುಟ್ಟಿದ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆ ಈ ಕಲೆಕ್ಟರನ ಸೋದರನ ಮಗ. ಮುಂಬೈಯ ಠಾಕ್ರೆ ಮನೆತನಕ್ಕೂ ಇವರಿಗೂ ರಕ್ತಸಂಬಂಧವಿಲ್ಲ. ಪ್ರಬೋಧನಕಾರ ಠಾಕ್ರೆಯವರು ಆ ಕಾದಂಬರಿಕಾರನ ಮೇಲಿನ ಮೆಚ್ಚುಗೆಯಿಂದ ತಮ್ಮ ಮರಾಠಿ ಹೆಸರಿಗೆ ಅವನ ಇಂಗ್ಲಿಷ್ ಕಾಗುಣಿತ ಇಟ್ಟುಕೊಂಡರು ಎನ್ನುತ್ತಾರೆ.

ಇನ್ನು ಆ ಮೂಲೆಯ ಕಥೆ. ಲೀಡ್ಸ್ ನಗರ ಗಿರಣಿಗಳಿಂದ ಬೆಳೆದು ಕುಡಿಯುವ ನೀರಿಗೆ ಪರದಾಡತೊಡಗಿತ್ತು. 1870ರ ದಶಕದಲ್ಲಿ ವಾಶ್‌ಬರ್ನ್ ಹೊಳೆಗೆ ಅಡ್ಡಲಾಗಿ ಒಡ್ಡು ಕಟ್ಟಿದರು, ಫ್ಯೂಸ್ಟನ್ ಜಲಾಶಯವಾಯಿತು. ಕಿತ್ತೂರಿನಲ್ಲಿ ಥ್ಯಾಕರೆ ಸತ್ತು ಐವತ್ತು ವರ್ಷವಾಗಿತ್ತು. ಇಲ್ಲಿ ಹೆಸರು ಇನ್ನೂ ಜನರ ಬಾಯಲ್ಲಿತ್ತು. ಅಲ್ಲಿ ಥ್ಯಾಕ್ರೇ ಎಂಬ ಜಾಗ ಹಿನ್ನೀರಿನಲ್ಲಿ ಮುಳುಗಿತು. ಆಲಮಟ್ಟಿ ಕಡೆಯ ಓದುಗರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಿಲ್ಲ.